ಕವಡೆ ಬಿದ್ದ ಮೇಲಿನ ಕಾನೂನು

ಚೌಕಾಬಾರ ಆಡಲು ಏನೇನು ಬೇಕು ಎಂದು ಯಾರನ್ನಾದರೂ ಕೇಳಿ ನೋಡಿ. ನಾಲ್ಕು ಕವಡೆ, ಒಂದು ತುಂಡು ಸೀಮೆಸುಣ್ಣ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಕೂತುಕೊಳ್ಳಲು ಒಂದಿಷ್ಟು ನೆಲ, ಇಷ್ಟು ಎನ್ನುತ್ತಾರೆ. ಇನ್ನೂ ಒಂದು ಬೇಕು. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದು ಜಗಳ. ಜಗಳವಿಲ್ಲದೆ ಮುಗಿದ ಚೌಕಾಬಾರವನ್ನು ನನ್ನ ನಲವತ್ತಾರು ವರ್ಷದ ಆಯುಸ್ಸಿನಲ್ಲಿ ನಾನಂತೂ ಕಂಡವನಲ್ಲ.

ಜಗಳದಲ್ಲಿ ಎರಡು ಜಾತಿ. ಒಂದು ಮೋಸದ ಜಗಳ. ಎರಡು ಬಿದ್ದದ್ದನ್ನು ಮೂರು ಎಂದು ಹೇಳಿ ಕವಡೆಯನ್ನು ಬಾಚಿಕೊಂಡುಬಿಡುವುದು, ಎದುರಿನವರು ಕಾಫಿ ಲೋಟಕ್ಕೆ ಕೈಚಾಚಿದಾಗ ಕಾಯನ್ನು ಒಂದು ಮನೆ ಮುಂದೆ ತಳ್ಳುವುದು ಇತ್ಯಾದಿ. ಇದು ಸುಲಭದ ಜಗಳ. ಕಳ್ಳ ಸಿಕ್ಕಿದರೆ ಎಲ್ಲರೂ ನಕ್ಕು ಆಟ ಮುಂದುವರಿಯುತ್ತದೆ. ಇನ್ನೊಂದು ನಿಯಮದ ಜಗಳ. ಇಲ್ಲಿ ಇಬ್ಬರೂ ಸತ್ಯವನ್ನೇ ಹೇಳುತ್ತಿರುತ್ತಾರೆ. ಇಬ್ಬರಿಗೂ ಸಾಕ್ಷಿಗೆ ಒಬ್ಬೊಬ್ಬ ಅಜ್ಜಿ ಇರುತ್ತಾಳೆ, ಆ ಅಜ್ಜಿಯರು ಬಹುಪಾಲು ಸ್ವರ್ಗಸ್ಥರಾಗಿರುತ್ತಾರೆ. ಇಂಥ ಜಗಳವನ್ನು ಇತ್ಯರ್ಥ ಮಾಡುವುದು ಬಹಳ ಕಷ್ಟ.

ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗಾಗಿ ಆಟವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಬಲ್ಲವರು ಮುಂದಿನ ಪ್ಯಾರಾಕ್ಕೆ ಹೋಗಬಹುದು. ಐದಕ್ಕೆ ಐದು, ಒಟ್ಟು 25 ಮನೆ. ನಾಲ್ಕು ಬದಿಗಳ ಮಧ್ಯದ ಮನೆಗಳಿಗೂ ನಟ್ಟನಡುವಿನ ಮನೆಗೂ ಕತ್ತರಿ ಗುರುತು. ಬದಿಯ ಕತ್ತರಿ ಮನೆಗಳಿಂದ ಆಟಗಾರರು ಹೊರಡುತ್ತಾರೆ. ಅಲ್ಲಿ ಕೂತ ಕಾಯನ್ನು ಯಾರೂ ಕಡಿಯುವಂತಿಲ್ಲ. ಹೊರಸುತ್ತಿನ 16 ಮನೆಗಳನ್ನು ಅಪ್ರದಕ್ಷಿಣವಾಗಿ ಸುತ್ತಿ, ಒಳಸುತ್ತಿನ 8 ಮನೆಗಳನ್ನು ಪ್ರದಕ್ಷಿಣವಾಗಿ ದಾಟಿ ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಈ ಎರಡರಲ್ಲಿ ಯಾವುದು ಬಿದ್ದರೂ ಮತ್ತೊಂದು ಎಸೆತ ಸಿಗುತ್ತದೆ. ನಿಮ್ಮ ಕಾಯಿ ಎದುರಾಳಿಯ ಕಾಯಿ ಕೂತ ಮನೆಗೆ ಸರಿಯಾಗಿ ಬಂದು ಬಿದ್ದರೆ ಅದನ್ನು ಕಡಿದ ಹಾಗೆ. ಅದು ತನ್ನ ಮನೆಗೆ ಹಿಂದಿರುಗಿ ಮೊದಲಿನಿಂದ ಹೊರಡಬೇಕು. (ಬಾರಾ ಎಂದರೆ ಹಿಂದಿಯಲ್ಲಿ ಹನ್ನೆರಡು, ನಮ್ಮಲ್ಲಿ ಎಂಟು ಹೇಗಾಯಿತು ಎಂದು ನನ್ನ ಮಗ ಕೇಳಿದ. ಆಟ ಆಡು, ಪ್ರಶ್ನೆ ಕೇಳಬೇಡ ಎಂದೆ.)

ಇಷ್ಟರಲ್ಲಿ ಯಾವ ಜಿಲ್ಲೆಯವರಿಗೂ ತಕರಾರಿಲ್ಲ. ಮಹಾರಾಷ್ಟ್ರದವರಿಗೂ ಇಲ್ಲ. ನಮ್ಮ ಪಕ್ಕದ ಮನೆಯ ಕಾಕೂ ಇದನ್ನೇ ಚಲ್ಲಸ್-ಆಠ ಎನ್ನುತ್ತಾರೆ. ತೆಲುಗರು ಅಷ್ಟಾಚೆಮ್ಮಾ ಎನ್ನುತ್ತಾರೆ. ನಾಲ್ಕು-ಎಂಟು, ಎಂಟು-ನಾಲ್ಕು. ಮೂರು ಭಾಷೆಯವರೂ ಆಟಕ್ಕೆ ಹೆಸರಿಟ್ಟದ್ದು ಆ ಎರಡು ಭಾಗ್ಯದ ಎಸೆತಗಳಿಂದಲೇ. ಜಗಳ ಹುಟ್ಟುವುದು ಇಲ್ಲಿಂದ ಮುಂದೆ. ಒಂದೂ ಕಾಯಿ ಕಡಿಯದವನು ಒಳಸುತ್ತಿಗೆ ಹೋಗಬಹುದೇ? ಹೋಗಬಾರದು ಎಂದರೆ, ಒಂದು ಸಲ ಕಡಿದದ್ದು ನಾಲ್ಕೂ ಕಾಯಿಗೆ ರಹದಾರಿಯೋ, ಕಡಿದ ಕಾಯಿಗೆ ಮಾತ್ರವೋ? ಕಡಿದದ್ದಕ್ಕೂ ಇನ್ನೊಂದು ಎಸೆತ ಉಂಟೇ? ಮೂರು ಸಲ ಒಂದರ ಹಿಂದೊಂದು ಚೌಕವೋ ಬಾರವೋ ಬಿದ್ದರೆ ಅದು ಅದೃಷ್ಟವೋ, ಎಲ್ಲವೂ ಸುಟ್ಟುಹೋದ ಹಾಗೋ? ಎರಡು ಕಾಯಿ ಒಂದೇ ಮನೆಯಲ್ಲಿ ಸೇರಿ ಗಟ್ಟಿಯಾದರೆ ಅದನ್ನು ಒಂಟಿ ಕಾಯಿ ಕಡಿಯಬಹುದೇ? ಚಾಮರಾಜನಗರದ ಕಡೆ ಒಂದು ಉತ್ತರ, ಬೀದರದ ಕಡೆ ಒಂದು. ದೂರ ಏಕೆ, ನನ್ನ ತಾಯಿಯ ತವರಿಗೂ ನಮ್ಮ ತಂದೆಯ ಊರಿಗೂ ನಡುವೆ ಎರಡೂವರೆ ಮೈಲಿ. ಗಟ್ಟಿಯ ವಿಷಯದಲ್ಲಿ ಎರಡು ಮನೆತನಗಳೂ ಕೊನೆಯವರೆಗೆ ರಾಜಿಯಾಗಲಿಲ್ಲ.

ಊರಿನಲ್ಲಿ ಇದರಿಂದ ತೊಂದರೆಯಿರಲಿಲ್ಲ. ಒಂದು ಊರಿಗೆ ಒಂದು ನಿಯಮ, ಸೊಸೆಯಾಗಿ ಬಂದವಳು ಗಂಡನ ಮನೆಯ ನಿಯಮವನ್ನು ಅಡಿಗೆಯ ಜೊತೆಗೇ ಕಲಿಯುತ್ತಿದ್ದಳು. ತೊಂದರೆಯಾದದ್ದು ನಾವೆಲ್ಲ ಇಲ್ಲಿ ಬಂದು ಸೇರಿದ ಮೇಲೆ. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಬಂತು, 1960ರ ದಶಕದಲ್ಲಿ ಟೆಲ್ಕೊ, ಬಜಾಜ್ ಬಂದವು, ಅವುಗಳ ಹಿಂದೆ ಭೋಸರಿಯ ಸಾವಿರಾರು ಸಣ್ಣ ಕಾರಖಾನೆಗಳು. 1982ರಲ್ಲಿ ಊರು ಮಹಾನಗರಪಾಲಿಕೆಯಾಯಿತು. ಲೇತ್ ನಡೆಸುವವರು ವಿಜಯಪುರ, ಕಲಬುರಗಿಯಿಂದ ಬಂದರು; ಹೋಟೆಲು ನಡೆಸುವವರು ಉಡುಪಿಯಿಂದ; ನನ್ನಂಥ ಗುಮಾಸ್ತರನ್ನು ವರ್ಗಾವಣೆಯ ಆದೇಶ ತಂದು ಹಾಕಿತು; ಈಚೆಗೆ ಹಿಂಜವಡಿಯ ಕಂಪ್ಯೂಟರ್ ಕಂಪನಿಗಳಿಗೆ ಬೆಂಗಳೂರು ಮೈಸೂರಿನವರು ಬಂದು ವಾಕಡದಲ್ಲಿ ಮನೆ ಮಾಡಿದರು. ಇವರೆಲ್ಲ ಪೆಟ್ಟಿಗೆಯಲ್ಲಿ ಪಾತ್ರೆ ಬಟ್ಟೆ ತಂದರೇ ಹೊರತು ಚೌಕಾಬಾರದ ನಿಯಮ ಬರೆದುಕೊಂಡು ತರಲಿಲ್ಲ. ಅದು ತಲೆಯೊಳಗೆ ತಾನಾಗಿಯೇ ಬಂತು. ಅಲ್ಲಿದೆ ಎಂದು ಅವರಿಗೂ ಗೊತ್ತಿರಲಿಲ್ಲ.

ನಮ್ಮ ಸಂಘದ ವಾರ್ಷಿಕ ಕೂಟದಲ್ಲಿ ಒಂದು ವರ್ಷ ಚೌಕಾಬಾರದ ಪಂದ್ಯ ಇಡೋಣ ಎಂದು ಮಹಿಳಾ ವಿಭಾಗದವರು ಹೇಳಿದರು. ಪಂಚ ಯಾರು? ನಾನು ಚಿತ್ರದುರ್ಗದ ಕಡೆಯವನು. ಮೈಸೂರಿನವರಿಗೆ ನಾನು ಉತ್ತರದವನು, ಧಾರವಾಡದವರಿಗೆ ದಕ್ಷಿಣದವನು. ಯಾರಿಗೂ ಸಲ್ಲದವನಾದ್ದರಿಂದ ಎಲ್ಲರಿಗೂ ಒಪ್ಪಿಗೆಯಾದೆ. ಜೊತೆಗೆ ಸರ್ಕಾರಿ ಗುಮಾಸ್ತ, ನಿಯಮದ ಪುಸ್ತಕದಲ್ಲೇ ಕೂದಲು ನೆರೆದವನು ಎಂಬ ಖ್ಯಾತಿ ಬೇರೆ.

ಪಂದ್ಯ ನಡೆದದ್ದು ನಿಗಡಿಯ ಒಂದು ಶಾಲೆಯ ಸಭಾಂಗಣದಲ್ಲಿ. ಕಡೆಯ ಸುತ್ತಿಗೆ ಬಂದವರು ಇಬ್ಬರು. ಒಬ್ಬರು ಇಂಡಿ ತಾಲೂಕಿನ ಹಳ್ಳಿಯ ಎಪ್ಪತ್ತೆರಡು ವರ್ಷದ ಅವ್ವ. ಮಗ ಭೋಸರಿಯಲ್ಲಿ ಕೆಲಸಕ್ಕಿದ್ದಾನೆ. ಇನ್ನೊಬ್ಬಳು ಮೈಸೂರಿನ ಮನೆತನದ, ಒಂಬತ್ತನೆಯ ತರಗತಿಯ ಹುಡುಗಿ, ವಾಕಡದವಳು. ಇಬ್ಬರದೂ ಮೂರು ಮೂರು ಕಾಯಿ ಹಣ್ಣಾಗಿ, ನಾಲ್ಕನೆಯದು ಒಳಸುತ್ತಿನ ಕೊನೆಯ ಮನೆಯಲ್ಲಿ ನಡುಮನೆಯ ಬಾಗಿಲಿಗೇ ಬಂದು ನಿಂತಿತ್ತು. ಯಾರಿಗೆ ಮೊದಲು ಒಂದು ಬೀಳುತ್ತದೋ ಅವರು ಗೆದ್ದಂತೆ. ಐದಾರು ಸರದಿ ಎರಡು, ಮೂರು, ಎರಡು ಹೀಗೇ ಹೋಯಿತು. ಸುತ್ತ ಜನ ಕವಿದುಕೊಂಡಿದ್ದರು. ಊಟಕ್ಕೆ ಕರೆದರೂ ಯಾರೂ ಏಳಲಿಲ್ಲ.

ಅವ್ವನಿಗೆ ಚೌಕ ಬಿತ್ತು. ನಾಲ್ಕು ಮನೆ ನಡೆಸಲು ಜಾಗವೆಲ್ಲಿದೆ? ಅವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕವಡೆ ಬಾಚಿ ಮತ್ತೆ ಒಗೆದರು. ಒಂದು ಬಿತ್ತು. ಕಾಯನ್ನು ನಡುಮನೆಗೆ ಇಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

ಹುಡುಗಿ ಮೆತ್ತಗೆ, "ಅಜ್ಜಿ, ನೀವು ಎರಡನೇ ಸಲ ಹಾಕೋ ಹಾಗಿಲ್ಲ ಅಲ್ವಾ? ಚೌಕ ನಡೆಸೋಕೆ ಆಗಲಿಲ್ಲ ಅಂದ್ರೆ ಸರದಿ ಮುಗೀತು. ನಮ್ಮನೇಲಿ ಹಾಗೇ" ಎಂದಳು.

"ಹಂಗೆಲ್ಲೈತಿ ಯವ್ವಾ? ಚೌಕ ಬಿತ್ತಂದ್ರ ಮತ್ತ ಒಗೀಬೇಕು. ನಡಸಾಕ ಬರ್ಲಿ, ಬಿಡ್ಲಿ. ನಮ್ಮ ಕಡಿ ಮೊದಲಿಂದ ಹಂಗ ಐತಿ" ಎಂದರು ಅವ್ವ.

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಚೌಕ ಬಿದ್ದರೆ ಮತ್ತೊಂದು ಎಸೆತ ಎನ್ನುವುದು ಇಬ್ಬರಿಗೂ ಒಪ್ಪಿಗೆಯೇ. ಪ್ರಶ್ನೆ ಇರುವುದು, ಆ ಎಸೆತ ಸಿಗುವುದು ಚೌಕ ಬಿದ್ದದ್ದಕ್ಕೋ, ಅದನ್ನು ನಡೆಸಿದ್ದಕ್ಕೋ? ಬಿದ್ದದ್ದಕ್ಕೆ ಎಂದರೆ ಅವ್ವ ಗೆದ್ದರು. ನಡೆಸಿದ್ದಕ್ಕೆ ಎಂದರೆ ಸರದಿ ಹುಡುಗಿಗೆ ಹೋಗುತ್ತದೆ. ಮಾತು ಒಂದೇ, ಅರ್ಥ ಎರಡು. ನಮ್ಮ ಕಚೇರಿಯಲ್ಲಿ ಇಂಥ ಒಂದು ಪದಕ್ಕೆ ಕಡತವೊಂದು ಮೂರು ವರ್ಷ ಮೇಲೆ ಕೆಳಗೆ ಓಡಾಡಿದ್ದುಂಟು.

ಅವತ್ತು ರಾತ್ರಿ ಮನೆಗೆ ಬಂದ ಮೇಲೆ ಬಿ.ಎಸ್ಸಿ.ಯಲ್ಲಿ ಕಲಿತ ಗಣಿತವನ್ನು ದುಡಿಸಿಕೊಳ್ಳೋಣ ಎಂದು ಕಾಗದ ತೆಗೆದುಕೊಂಡು ಕೂತೆ. ನಾಲ್ಕು ಕವಡೆ ಬೀಳುವ ಬಗೆಗಳು 16. ಅದರಲ್ಲಿ ಒಂದು ಬೀಳುವ ಬಗೆ 4, ಎರಡು ಬೀಳುವುದು 6, ಮೂರು 4, ಚೌಕ 1, ಬಾರ 1. (ಕವಡೆ ನಾಣ್ಯದ ಹಾಗೆ ಎರಡು ಕಡೆಗೂ ಸಮವಾಗಿ ಬೀಳುವ ವಸ್ತುವಲ್ಲ, ತೇಯ್ದ ಹುಣಸೆಬೀಜವಂತೂ ಅಲ್ಲವೇ ಅಲ್ಲ, ಲೆಕ್ಕಕ್ಕಾಗಿ ಸಮ ಎಂದಿಟ್ಟುಕೊಳ್ಳೋಣ.) ಬಾಗಿಲಲ್ಲಿ ನಿಂತ ಕಾಯಿಗೆ ಹುಡುಗಿಯ ನಿಯಮದಂತೆ ಒಂದು ಸರದಿಯಲ್ಲಿ ಒಂದು ಬೀಳುವ ಸಂಭವ 4ರಲ್ಲಿ 1. ಅವ್ವನ ನಿಯಮದಂತೆ ಚೌಕ ಬಾರಗಳ ಮರು ಎಸೆತವೂ ಸೇರಿ 7ರಲ್ಲಿ 2. ಕಳೆದು ನೋಡಿದರೆ ವ್ಯತ್ಯಾಸ 28ರಲ್ಲಿ 1. ಅಂದರೆ ಆಟ ಇಂಥ ತುದಿಗೆ ಬಂದು ನಿಂತಾಗಲೂ ಸುಮಾರು 28 ಸರದಿಗೊಮ್ಮೆ ಮಾತ್ರ ಈ ಎರಡು ನಿಯಮಗಳು ಬೇರೆ ಬೇರೆ ಫಲ ಕೊಡುತ್ತವೆ. ಇಂಡಿಯ ಕಡೆಯ ಅಜ್ಜಿಯರೂ ಮೈಸೂರಿನ ಅಜ್ಜಿಯರೂ ಒಂದೇ ಮಣೆಯ ಮುಂದೆ ಕೂತರೂ ವರ್ಷಗಟ್ಟಲೆ ತಮ್ಮ ನಿಯಮ ಬೇರೆ ಎಂದು ತಿಳಿಯದೆಯೇ ಆಡಿಕೊಂಡಿರಬಹುದು. ಅಷ್ಟು ಸಣ್ಣ ಬಿರುಕು ಅದು. ಅವತ್ತು ಅದೇ ಬಿರುಕಿನಲ್ಲಿ ನಮ್ಮ ಸಂಘದ ಕಾಲು ಸಿಕ್ಕಿಕೊಂಡಿತು.

ಸಭಾಂಗಣಕ್ಕೆ ಹಿಂದಿರುಗೋಣ. ನಾನು ಆಟ ನಿಲ್ಲಿಸಿ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಇಬ್ಬರ ಮಾತಿನಲ್ಲೂ ಅಳುಕಿರಲಿಲ್ಲ. ಎರಡೂ ನಿಯಮ ಇರುವಂಥವೇ, ಪಂದ್ಯಕ್ಕೆ ಮೊದಲು ಇದನ್ನು ಯಾರೂ ಎತ್ತಿರಲಿಲ್ಲ, ಆದ್ದರಿಂದ ಇಬ್ಬರಿಗೂ ಬಹುಮಾನ ಕೊಡಿ ಎಂದು ಹೇಳಿದೆ. ಬಹುಮಾನವೆಂದರೆ ಮುಚ್ಚಳವಿರುವ ಒಂದು ಸ್ಟೀಲಿನ ಡಬ್ಬಿ. ಇನ್ನೊಂದು ಡಬ್ಬಿ ತರುವುದು ಏನು ಮಹಾ! ಆದರೆ ಕೂಡಿದ ಜನಕ್ಕೆ ಸಮಬಲದಲ್ಲಿ ಸಂತೋಷವಿಲ್ಲ, ತೀರ್ಪು ಬೇಕು. ಒಬ್ಬರು ಮೊಬೈಲ್ ತೆಗೆದು, "ಇದರಲ್ಲಿ ನೋಡೇ ಬಿಡೋಣ" ಎಂದರು. ಅದರಲ್ಲಿ ಚೌಕಾಬಾರದ ಆಟವೇನೋ ಇತ್ತು, ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಇನ್ನೊಬ್ಬರ ಮೊಬೈಲಿನಲ್ಲಿ ಇನ್ನೊಂದು ನಿಯಮವೇ ಇತ್ತು. ಚಿಂಚವಾಡದಲ್ಲಿ ಹೋಟೆಲು ನಡೆಸುವ ನಮ್ಮ ಉಡುಪಿಯ ಮಿತ್ರರು, "ನಮ್ಮಲ್ಲಿ ಆಟಿ ತಿಂಗಳಲ್ಲಿ ಚೆನ್ನೆಮಣೆ ಆಡುವುದು ಮಾರಾಯ್ರೆ, ಅದರ ಗಲಾಟೆ ಇದಕ್ಕಿಂತ ದೊಡ್ಡದು. ಊಟ ತಣ್ಣಗಾಗ್ತದೆ, ಬನ್ನಿ" ಎಂದು ಹೇಳಿ ನೋಡಿದರು. ಯಾರು ಕೇಳುತ್ತಾರೆ?

ಆಗ ಯಾರೋ, "ಕೈ ಎತ್ತಿಸಿ, ಬಹುಮತ ಏನು ಹೇಳುತ್ತದೋ ಹಾಗೆ ಮಾಡಿ" ಎಂದರು. ನಾನು ಬೇಡವೆಂದೆ. ಸಂಘದ ಹಿರಿಯರು ಪ್ರಜಾಪ್ರಭುತ್ವ ಎಂದರು. ಕೈಗಳು ಎದ್ದವು. ಯಾವ ಯಾವ ಕೈ ಎಲ್ಲೆಲ್ಲಿ ಎದ್ದಿತು ಎಂದು ನಾನು ನಿಂತ ಜಾಗದಿಂದ ಚೆನ್ನಾಗಿ ಕಾಣುತ್ತಿತ್ತು. ಚೌಕಾಬಾರವನ್ನು ಜನ್ಮದಲ್ಲಿ ಆಡಿರದ ಗಂಡಸರೂ ಎತ್ತಿದ್ದರು. ಮೈಸೂರು, ಮಂಡ್ಯ, ಬೆಂಗಳೂರು ಒಂದು ಕಡೆ. ವಿಜಯಪುರ, ಬಾಗಲಕೋಟೆ, ಕಲಬುರಗಿ ಒಂದು ಕಡೆ. ನಿಯಮ ಯಾರಿಗೂ ಬೇಕಿರಲಿಲ್ಲ, ಜಿಲ್ಲೆ ಬೇಕಿತ್ತು. ಎಣಿಕೆ ನಡೆಯುತ್ತಿರುವಾಗ ಹಿಂದಿನ ಸಾಲಿನಿಂದ ಒಂದು ಮಾತು ಬಂತು: "ಅಜ್ಜಿ ಈಗ ಗೆಲ್ಲೋದಕ್ಕೆ ಅಂತ ಹೊಸ ರೂಲ್ ಮಾಡಿಬಿಟ್ರು."

ಅವ್ವ ಕೈ ಎಣಿಸುವುದು ಮುಗಿಯುವವರೆಗೆ ಕಾಯಲಿಲ್ಲ. ಕವಡೆಗಳನ್ನು ಒಂದೊಂದಾಗಿ ತಮ್ಮ ಸಂಚಿಗೆ ಹಾಕಿಕೊಂಡು ಎದ್ದರು. ಕವಡೆ ಅವರದೇ.

"ಕೈ ಎಣಸೂದಿತ್ತಂದ್ರ ಕವಡಿ ಯಾಕ ಬೇಕಾಗಿತ್ತರಿ? ಕೂಸಿಗೆ ಕೊಡ್ರಿ ಡಬ್ಬಿ" ಎಂದರು.

ಕೂಸು ತೆಗೆದುಕೊಳ್ಳಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ತಾಯಿಯ ಹಿಂದೆ ಹೋಗಿ ನಿಂತಳು. ಊಟ ತಣ್ಣಗಾಗಿಯೇ ಆಯಿತು.

ಆಟದ ನಿಯಮವೊಂದನ್ನು ತುಂಬಿದ ಸಭೆಯ ಮುಂದಿಟ್ಟು ಉತ್ತರ ಸಿಗದೆ ಹೋದದ್ದು ಹೊಸ ಸಂಗತಿಯಲ್ಲ. ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಪಣ ಒಡ್ಡುವ ಹಕ್ಕಿತ್ತೇ ಎಂದು ದ್ರೌಪದಿ ಕೇಳಿದ್ದು ಧರ್ಮದ ಪ್ರಶ್ನೆ ನಿಜ. ಆದರೆ ಅದು ಪಗಡೆಯ ನಿಯಮದ ಪ್ರಶ್ನೆಯೂ ಹೌದು. ಭೀಷ್ಮರು ಧರ್ಮದ ಗತಿ ಸೂಕ್ಷ್ಮ ಎಂದು ಕೈ ಚೆಲ್ಲಿದರು. ಅವಳ ಪರವಾಗಿ ಬಾಯಿ ತೆರೆದವನು ಕೌರವರಲ್ಲಿ ಕಿರಿಯನಾದ ವಿಕರ್ಣ. ನಮ್ಮ ಗದುಗಿನ ನಾರಣಪ್ಪನ ಕಾವ್ಯವನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಆ ಸಭೆಯನ್ನು ವಿವರಿಸಬೇಕಾಗಿಲ್ಲ. ನನ್ನ ಮನಸ್ಸು ಮಾತ್ರ ಹೋಗುವುದು ಅದಕ್ಕೂ ಹಿಂದಿನ ಒಂದು ಗಳಿಗೆಗೆ. ವ್ಯಾಸಭಾರತದಲ್ಲಿ ಆಟ ಶುರುವಾಗುವ ಮುಂಚೆ ದುರ್ಯೋಧನ, ಪಣ ನನ್ನದು, ದಾಳ ಹಾಕುವವನು ಮಾವ ಶಕುನಿ ಎನ್ನುತ್ತಾನೆ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿ ಕಾಣದು ಎಂದು ಧರ್ಮರಾಯ ಹೇಳುತ್ತಾನೆ. ಹೇಳಿದವನು ಅಲ್ಲಿಗೇ ಬಿಟ್ಟು, ಆಗಲಿ, ಆಡೋಣ ಎಂದು ಕೂತುಬಿಡುತ್ತಾನೆ. ತಕರಾರು ಇತ್ಯರ್ಥವಾಗಬೇಕಾದ ಹೊತ್ತು ಅದು. ಆಗ ದಾಳ ಇನ್ನೂ ಕೈಯಲ್ಲಿತ್ತು. ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಯಾರಿಗೂ ತಿಳಿದಿರಲಿಲ್ಲ.

ಕವಡೆ ಬಿದ್ದ ಮೇಲೆ ನೀವು ಏನೇ ತೀರ್ಪು ಕೊಡಿ, ಅದು ನಿಯಮದ ಮೇಲಿನ ತೀರ್ಪಾಗಿ ಉಳಿಯುವುದಿಲ್ಲ. ಎದುರಿಗೆ ಕೂತ ಮನುಷ್ಯರ ಮೇಲಿನ ತೀರ್ಪಾಗಿಬಿಡುತ್ತದೆ.

ಮುಂದಿನ ತಿಂಗಳ ಕೂಟಕ್ಕೆ ಅವ್ವ ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಇದನ್ನು ಒಬ್ಬರು ಸದಸ್ಯರ ಗೈರುಹಾಜರಿ ಎಂದು ಎಣಿಸಬಾರದು. ಅವರ ಸೊಸೆ ಸೊಲ್ಲಾಪುರದ ಮರಾಠಿ ಹೆಣ್ಣುಮಗಳು, ಅತ್ತೆಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ. ಮೊಮ್ಮಕ್ಕಳು ಮರಾಠಿ ಇಂಗ್ಲಿಷಿನವರು. ಮಗ ಮನೆಗೆ ಬರುವುದು ಎರಡನೇ ಪಾಳಿ ಮುಗಿದ ಮೇಲೆ. ತಿಂಗಳಿಗೊಮ್ಮೆ ನಮ್ಮ ಸಂಘದ ಚಾಪೆಯ ಮೇಲೆ ಕೂತಾಗಲೇ ಆ ಹಿರಿಯ ಜೀವ ಬಾಯಿ ತುಂಬ ಕನ್ನಡ ಆಡುತ್ತಿದ್ದುದು. ನಾವು ಭಾಷೆಯ ಉಳಿವಿನ ಬಗ್ಗೆ ಪ್ರತಿ ನವೆಂಬರಿನಲ್ಲೂ ಭಾಷಣ ಮಾಡಿಸುತ್ತೇವೆ, ಹಾರ ತುರಾಯಿ ತರುತ್ತೇವೆ. ಅದಿರಲಿ.

ಒಂದು ಭಾನುವಾರ ಒಂದು ನೋಟ್‌ಬುಕ್ ಹಿಡಿದುಕೊಂಡು ಭೋಸರಿಗೆ ಹೋದೆ. ಅವ್ವ ಬಾಗಿಲ ಬಳಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ನಾನು ಡಬ್ಬಿಯ ಮಾತು ಎತ್ತಲಿಲ್ಲ. "ಅವ್ವಾರೇ, ನಿಮ್ಮ ಊರಿನ ಆಟ ಪೂರ್ತಿ ಹೇಳಿ, ಬರಕೊಳ್ತೀನಿ" ಎಂದೆ.

"ಬರಕೊಂಡು ಏನ್ ಮಾಡ್ತಿ ತಮ್ಮಾ? ಡಬ್ಬಿ ಹೋದ್ರ ಹೋಗವಲ್ಲದ್ಯಾಕ. ನಾ ಸುಳ್ಳ ಹೇಳೀನಿ ಅಂದ್ರಲ್ಲ, ಅದೊಂದು ಹೋಗವಲ್ದು" ಎಂದರು.

ಆಮೇಲೆ ಹೇಳಿದರು. ಕಲಿಸಿದವರು ಅವರ ಸೋದರತ್ತೆ. ಬ್ಯಾಸಗಿಯ ಮಧ್ಯಾಹ್ನ, ಹೊಲದಲ್ಲಿ ಕೆಲಸವಿಲ್ಲದ ಹೊತ್ತು, ಗುಡಿಯ ಮುಂದಿನ ಹಾಸುಗಲ್ಲಿನಲ್ಲೇ ಮನೆಗಳನ್ನು ಕೊರೆದಿತ್ತಂತೆ. ಕಾಯಿಗೆ ಒಡೆದ ಬಳೆಚೂರು. ಹಸಿರು ಬಳೆಯ ಚೂರು ಮನೆಯ ಹಿರಿಸೊಸೆಗೆ ಮೀಸಲು. ಬಸುರಿ ಹೆಂಗಸಿನ ಕಾಯನ್ನು ಕಡಿಯಬಹುದು, ಆದರೆ ಕಡಿದವಳು "ತಪ್ಪಾತು" ಎಂದು ಅವಳ ಕೈಗೆ ಒಂದು ಚೂರು ಬೆಲ್ಲ ಕೊಡಬೇಕು. ಈ ನಿಯಮ ನಾನು ಇನ್ನೆಲ್ಲೂ ಕೇಳಿಲ್ಲ. ಅವ್ವ ಹೇಳದಿದ್ದರೆ ಮುಂದೆಯೂ ಕೇಳುತ್ತಿರಲಿಲ್ಲ. ಚೌಕದ ಮಾತು ಬಂದಾಗ, "ಚೌಕ ದೇವರು ಕೊಟ್ಟದ್ದು. ನಡಸಾಕ ಜಾಗ ಇಲ್ಲಂದ್ರ ಅದು ಮಣಿಯ ತಪ್ಪು, ಕವಡಿದಲ್ಲ" ಎಂದರು. ಸರ್ಕಾರದ ಯಾವ ವಿವರಣಾ ಸುತ್ತೋಲೆಯೂ ಇಷ್ಟು ಸ್ವಚ್ಛವಾಗಿ ಕಾರಣ ಕೊಟ್ಟದ್ದನ್ನು ನಾನು ಓದಿಲ್ಲ.

ಮರುವಾರ ವಾಕಡದ ಹುಡುಗಿಯ ಮನೆಗೂ ಹೋದೆ. ಅವಳ ನಿಯಮಕ್ಕೂ ಕಾರಣವಿತ್ತು. ಅವಳ ಅಜ್ಜಿಯ ಪ್ರಕಾರ ಬಾಗಿಲಲ್ಲಿ ನಿಂತವನು ಒಂದನ್ನೇ ಬೇಡಬೇಕು, ಹೆಚ್ಚು ಬಂದರೆ ದುರಾಸೆ, ಸರದಿ ಬಿಟ್ಟುಕೊಡಬೇಕು. ಇದೂ ಒಪ್ಪುವ ಮಾತೇ. ಅವಳ ತಾಯಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ನಡೆಸುವ 'ಕ್ರೀಡಾ ಕೌಶಲ್ಯ' ಪ್ರದರ್ಶನದಿಂದ ತಂದ ಬಟ್ಟೆಯ ಹಾಸನ್ನು ತೋರಿಸಿದರು. ಹಲಗೆಯಾಟದ ವಿಷಯದಲ್ಲಿ ಮೈಸೂರಿನವರಿಗೆ ಸ್ವಲ್ಪ ಹೆಮ್ಮೆಯಿರುವುದು ಸಹಜ. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ತಾವೇ ಹೊಸ ಹೊಸ ಆಟಗಳನ್ನು ಕಟ್ಟಿದವರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿ ಇಂಥ ವಿನೋದಗಳಿಗೇ ಮೀಸಲು. ಅರಸನೊಬ್ಬ ಆಟದ ನಿಯಮ ಬರೆಯಲು ಕೂತದ್ದನ್ನು ನೆನೆದರೆ ನನ್ನ ನೋಟ್‌ಬುಕ್ಕಿನ ಬಗ್ಗೆ ನಗುವವರು ಸ್ವಲ್ಪ ಕಡಿಮೆ ನಗಬಹುದು.

ಎಲ್ಲರಿಗೂ ಒಂದೇ ನಿಯಮ ಮಾಡಿ ಮುದ್ರಿಸಿಬಿಡಿ ಎಂದು ಸಂಘದಲ್ಲಿ ಕೆಲವರ ಸಲಹೆ. ಅದಕ್ಕೆ ಮೇಲ್ಪಂಕ್ತಿ ನಮ್ಮ ಪಕ್ಕದಲ್ಲೇ ಇದೆ. ಖೋ-ಖೋ ಆಟಕ್ಕೆ ಮೊದಲು ಲಿಖಿತ ನಿಯಮ ಮಾಡಿದವರು 1914ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದವರು. ಕಬಡ್ಡಿಯಲ್ಲೂ ಹಿಂದೆ ಸಂಜೀವನಿ, ಗಾಮಿನಿ, ಅಮರ್ ಎಂದು ಮೂರು ಬಗೆಯಿದ್ದವು. ಔಟಾದವನು ಮತ್ತೆ ಒಳಗೆ ಬರಬಹುದೇ ಬಾರದೇ ಎಂಬುದೇ ಮುಖ್ಯ ತಕರಾರು. ಬರಬಹುದು ಎಂಬ ಸಂಜೀವನಿ ಇಂದಿನ ಆಟಕ್ಕೆ ಬಂತು, ಉಳಿದವು ಹಿಂದೆ ಸರಿದವು. ಲಾಭವಾಗಲಿಲ್ಲವೆಂದು ಯಾರು ಹೇಳುತ್ತಾರೆ? ಹಳ್ಳಿಯ ಹುಡುಗ ಇಂದು ಟೆಲಿವಿಷನ್ನಿನಲ್ಲಿ ಕಬಡ್ಡಿ ಆಡಿ ಹಣ ಕಾಣುತ್ತಿದ್ದಾನೆ. ಚದುರಂಗದಲ್ಲಿಯೂ ಹಾಗೆಯೇ. ನಮ್ಮ ಅಜ್ಜಂದಿರ ಆಟದಲ್ಲಿ ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದಿತ್ತು. ಕಾಲಾಳು ಕೊನೆಯ ಮನೆ ಮುಟ್ಟಿದರೆ ಯಾವ ಸಾಲಿನಲ್ಲಿ ಮುಟ್ಟಿತೋ ಆ ಸಾಲಿನ ಕಾಯಿಯಾಗುತ್ತಿತ್ತು. ಈಗ ಅದನ್ನು ಬಲ್ಲವರು ಎಷ್ಟು ಜನ? ಪಚ್ಚೀಸಿಯನ್ನು ಇಂಗ್ಲೆಂಡಿನಲ್ಲಿ ತಿದ್ದಿ 1896ರಲ್ಲಿ ಲೂಡೋ ಎಂದು ಪೇಟೆಂಟ್ ಮಾಡಿಸಿಕೊಂಡರು. ನಮ್ಮ ಮಕ್ಕಳು ಈಗ ಅದನ್ನು ಮೊಬೈಲಿನಲ್ಲಿ ಆಡುತ್ತಾರೆ. ಅಲ್ಲಿ ನಿಯಮದ ಜಗಳವೇ ಇಲ್ಲ. ಯಂತ್ರ ಬಿಡುವುದಿಲ್ಲ ಎಂದರೆ ಬಿಡುವುದಿಲ್ಲ, ಅಷ್ಟೆ.

ಕಬಡ್ಡಿಗೆ ದೇಶ ದೇಶಗಳ ತಂಡಗಳು ಎದುರಾಗಬೇಕು, ಒಂದೇ ನಿಯಮ ಬೇಕು. ಚೌಕಾಬಾರಕ್ಕೆ ಎದುರಾಗುವವರು ಭೋಸರಿಯ ಅವ್ವ ಮತ್ತು ವಾಕಡದ ಹುಡುಗಿ. ಇದಕ್ಕೆ ಒಂದೇ ನಿಯಮ ಯಾಕೆ ಬೇಕು ಎಂದು ನನಗೆ ಇನ್ನೂ ಅರ್ಥವಾಗಿಲ್ಲ. ನಾನು ಬರೆದುಕೊಟ್ಟದ್ದು ನಿಯಮಾವಳಿಯಲ್ಲ, ಪ್ರಶ್ನಾವಳಿ. ಒಂದು ಹಾಳೆ, ಎಂಟು ಪ್ರಶ್ನೆ. ಕವಡೆ ಮುಟ್ಟುವ ಮುಂಚೆ ಇಬ್ಬರೂ ಎದುರು ಬದುರು ಕೂತು, ನಿಮ್ಮ ಕಡೆ ಹೇಗೆ, ನಮ್ಮ ಕಡೆ ಹೀಗೆ ಎಂದು ಎಂಟಕ್ಕೂ ಉತ್ತರ ಮಾತಾಡಿಕೊಳ್ಳಬೇಕು. ನಮ್ಮ ರಜಾ ನಿಯಮಗಳಲ್ಲಿ, 1972ರವು, ಎರಡು ಒಳ್ಳೆಯ ಏರ್ಪಾಡುಗಳಿವೆ. ಅರ್ಥದಲ್ಲಿ ಸಂಶಯ ಬಂದರೆ ಮೇಲಿನವರಿಗೆ ಕಳಿಸು ಎನ್ನುವುದು ಒಂದು. ನಿಯಮದಿಂದ ಯಾರಿಗಾದರೂ ವಿಪರೀತ ಕಷ್ಟವಾದರೆ ಸಡಿಲಿಸಬಹುದು ಎನ್ನುವುದು ಇನ್ನೊಂದು. ಎರಡನೆಯದನ್ನು ಹಾಗೆಯೇ ಎತ್ತಿಕೊಂಡು ಆರು ವರ್ಷದೊಳಗಿನ ಮಕ್ಕಳಿಗೆ ಅನ್ವ��ಿಸಿದ್ದೇನೆ. ಮೊದಲನೆಯದರಲ್ಲಿ ತೊಡಕಿತ್ತು, ನಮಗೆ ಮೇಲಿನವರು ಯಾರು? ಅದಕ್ಕೆ ದಾರಿ ತೋರಿಸಿದವರು ಅವ್ವನೇ. "ಇಬ್ರೂ ಒಪ್ಪಲಿಲ್ಲಂದ್ರ ಮಂದೀನ ಕೇಳಬ್ಯಾಡ್ರಿ, ಕವಡೀನ ಕೇಳ್ರಿ" ಎಂದರು. ಒಂದು ಕವಡೆ ಒಗೆಯುವುದು. ಬಾಯಿ ಮೇಲಾದರೆ ಹಿರಿಯರ ನಿಯಮ, ಬೋರಲಾದರೆ ಕಿರಿಯರದು. ಆ ಆಟಕ್ಕೆ ಅಷ್ಟೇ. ಮುಂದಿನ ಆಟಕ್ಕೆ ಮತ್ತೆ ಕೇಳಬೇಕು.

ಹುಡುಗಿಯ ತಂದೆ ಒಂದು ಶನಿವಾರ ಅವಳನ್ನು ಭೋಸರಿಗೆ ಕರೆತಂದರು. ನಾನೂ ಹೋಗಿದ್ದೆ. ಎಂಟು ಪ್ರಶ್ನೆ ಮುಗಿಸುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಅದರಲ್ಲಿ ಆಟದ ಮಾತು ಕಾಲುಭಾಗ. ಉಳಿದದ್ದು ಸೋದರತ್ತೆ, ಬಳೆಗಾರ, ಮೈಸೂರಿನ ದಸರೆ, ಹುಡುಗಿಗೆ ಜೋಳದ ರೊಟ್ಟಿ ತಟ್ಟಲು ಬರುತ್ತದೆಯೇ ಇತ್ಯಾದಿ. ಅವ್ವನ ಮರಾಠಿ ಸೊಸೆ ಚಹಾ ತಂದವಳು ಅಲ್ಲೇ ಕೂತು, ತನ್ನ ತವರಿನಲ್ಲಿ ಗಟ್ಟಿಯನ್ನು ಬೇರೆ ರೀತಿ ನಡೆಸುತ್ತಾರೆಂದು ಒಂಬತ್ತನೆಯ ತಕರಾರು ತೆಗೆದಳು. ಅತ್ತೆ ಸೊಸೆ ಇಷ್ಟು ವರ್ಷದಲ್ಲಿ ಒಂದು ಸಲವೂ ಜೊತೆಗೆ ಕವಡೆ ಹಿಡಿದಿರಲಿಲ್ಲವಂತೆ. ಎರಡು ಆಟ ಆದವು. ಎರಡರಲ್ಲೂ ಬಾಗಿಲಿಗೆ ಬಂದ ಕಾಯಿಗೆ ಚೌಕ ಬೀಳುವ ಪ್ರಸಂಗವೇ ಬರಲಿಲ್ಲ. 28ರಲ್ಲಿ 1 ಎಂದರೆ ಸುಮ್ಮನೆಯೇ! ಮೂರನೆಯ ಆಟ ಅರ್ಧಕ್ಕೇ ನಿಂತಿತು. ನನಗೆ ಪಿಂಪ್ರಿಯ ಬಸ್ಸು ಹಿಡಿಯಬೇಕಿತ್ತು.

ಅವ್ವ ಈಗ ಮತ್ತೆ ಕೂಟಕ್ಕೆ ಬರುತ್ತಾರೆ, ಸೊಸೆಯೂ ಬರುತ್ತಾಳೆ. ಸ್ಟೀಲಿನ ಡಬ್ಬಿ ಸಂಘದ ಬೀರುವಿನಲ್ಲೇ ಇದೆ. ಅವ್ವ ಕೂಸಿನದು ಎನ್ನುತ್ತಾರೆ, ಹುಡುಗಿ ಅಜ್ಜಿಯದು ಎನ್ನುತ್ತಾಳೆ. ಖಜಾಂಚಿಯವರು ದಾಸ್ತಾನು ಪುಸ್ತಕದಲ್ಲಿ ಯಾವ ಬಾಬಿನಲ್ಲಿ ಬರೆಯಲಿ ಎಂದು ಕೇಳಿದರು. 'ವಿಲೇವಾರಿಗೆ ಬಾಕಿ' ಎಂದು ಬರೆಯಿರಿ ಎಂದೆ. ಸರ್ಕಾರದಲ್ಲಿ ಹಾಗೆ ಬರೆದದ್ದು ಬಹಳ ವರ್ಷ ಬಾಳುತ್ತದೆ.

ನೋಟ್‌ಬುಕ್ಕಿನಲ್ಲಿ ಈವರೆಗೆ ಹತ್ತೊಂಬತ್ತು ಮನೆಗಳ ನಿಯಮ ಸೇರಿವೆ. ಒಂದು ಪ್ರಶ್ನೆ ಮಾತ್ರ ಬಗೆಹರಿಯದೆ ಉಳಿದಿದೆ: ಕವಡೆ ಬಾಯಿ ಮೇಲೂ ಅಲ್ಲ ಬೋರಲೂ ಅಲ್ಲ, ಗೋಡೆಗೋ ಕಾಯಿಗೋ ಒರಗಿ ಓರೆಯಾಗಿ ನಿಂತರೆ? ಆ ಒಂದನ್ನೇ ಮತ್ತೆ ಹಾಕಬೇಕು ಎಂದು ಏಳು ಮನೆ, ನಾಲ್ಕನ್ನೂ ಹಾಕಬೇಕು ಎಂದು ಹನ್ನೊಂದು ಮನೆ. ಹಾವೇರಿ ಕಡೆಯ ಒಂದು ಮನೆಯವರು ಮಾತ್ರ ಎದುರಾಳಿ ನೆಲ ಗುದ್ದಬೇಕು, ಕವಡೆ ಯಾವ ಕಡೆ ಉರುಳಿತೋ ಅದೇ ಲೆಕ್ಕ ಎನ್ನುತ್ತಾರೆ. ಎಷ್ಟು ಸಲ ಗುದ್ದಬಹುದು ಎಂದು ಕೇಳಿದೆ. ಅಣ್ಣ ಮೂರು ಎಂದ, ತಂಗಿ ಒಂದೇ ಎಂದಳು. ಓದುಗರ ಮನೆಯಲ್ಲಿ ಹೇಗೋ, ಮುಂದಿನ ಕೂಟಕ್ಕೆ ಬಂದಾಗ ಹೇಳಿ. ನೋಟ್‌ಬುಕ್ಕಿನಲ್ಲಿ ಹಾಳೆಗಳು ಇನ್ನೂ ಬೇಕಾದಷ್ಟಿವೆ.